ತೂತು ಬಿದ್ದ ದೀಪ

2006ರ ಮಾರ್ಚ್ 11, ಬೆಳಿಗ್ಗೆ 10.20. ಗೋಕಾಕ ಠಾಣೆಯ ಮೇಜಿನ ಮೇಲೆ ರೂಪಾಲಿ ಎರಡು ಶ್ರದ್ಧಾಂಜಲಿ ಹಾಳೆಗಳನ್ನು ಇಟ್ಟಳು. ಎರಡರಲ್ಲೂ ಅವಳದೇ ಹೆಸರು, ಅವಳದೇ ಫೋಟೋ. ಪಕ್ಕದಲ್ಲಿ ಗಂಡ ಸುಶಾಂತ ನಿಂತಿದ್ದ.

ಇನ್‌ಸ್ಪೆಕ್ಟರ್ ಭೀಮರಾಯ ಮೊದಲನೆಯದನ್ನು ಎತ್ತಿದರು. "ಇದನ್ನ ಯಾರು ಹಚ್ಚಿದ್ದು?"

"ನಮ್ಮಪ್ಪರಿ. ನಮ್ಮ ಮದವಿ ಆದ ಮರುದಿನಾನ ಕುಲಗೋಡದಾಗ ಗ್ವಾಡಿ ಗ್ವಾಡಿಗೆ ಹಚ್ಚಿಸಿದ್ರು, ನಾ ಸತ್ತೇನಂತ."

"ಓಡಿಹೋದ ಮಗಳಿಗೆ ಹಿಂಗ ಹಚ್ಚತಾರವ್ವ. ಅದಕ್ಯಾಕ ಅಂಜತಿ?" ಎಂದ ಹವಾಲ್ದಾರ ಶಿದ್ಲಿಂಗಪ್ಪ.

"ಎರಡನೇದ್ದರ ತಾರೀಖು ನೋಡ್ರಿ."

ನಿಧನ: 13-3-2006. ಇನ್ನೂ ಎರಡು ದಿನವಿತ್ತು. ಆ ಹಾಳೆ ಅಂದು ಬೆಳಿಗ್ಗೆ ಅವರ ಬಾಡಿಗೆ ಮನೆಯ ಬಾಗಿಲಿಗೆ ಅಂಟಿತ್ತು. ಶಿದ್ಲಿಂಗಪ್ಪ ಎಫ್‌ಐಆರ್ ಪುಸ್ತಕ ಎತ್ತಿಕೊಂಡ.

"ಯಾರ ಮ್ಯಾಲ ಸಂಶೆ?" ಭೀಮರಾಯ ಕೇಳಿದರು.

"ಅಪ್ಪನ ಮ್ಯಾಲರಿ. ಅಣ್ಣ ಶ್ರೇಣಿಕ ಅಲ್ಲ. ಅವ ಒಬ್ಬನ ಕದ್ದು ಫೋನ್ ಮಾಡಿ ಹೆಂಗದಿ ಅಂತ ಕೇಳತಾನ."

ಕೊಲೆ ಬೆದರಿಕೆಯೆಂದು ಎಫ್‌ಐಆರ್ ದಾಖಲಾಯಿತು. ಬಾಡಿಗೆ ಮನೆಯ ಬಾಗಿಲ ಮುಂದೆ ಪಂಚನಾಮೆ ನಡೆಯಿತು. ಸಹಿ ಹಾಕಿದ ಇಬ್ಬರು ನೆರೆಯವರು ರೂಪಾಲಿಯ ಮುಖ ನೋಡಲಿಲ್ಲ. ಕಾನ್‌ಸ್ಟೇಬಲ್ ಉದ್ದಪ್ಪ ಅಲ್ಲೇ ಕಾವಲಿಗೆ ನಿಂತ.

ಮಧ್ಯಾಹ್ನ 3ಕ್ಕೆ ಕುಲಗೋಡ. ಅವಳ ತಂದೆ ಆಬಾಸಾಹೇಬ ದನದ ಕೊಟ್ಟಿಗೆಯಿಂದ ಹೊರಬಂದ. ಎರಡನೆಯ ಹಾಳೆಯ ತಾರೀಖನ್ನು ಎರಡು ಸಲ ಓದಿದ.

"ಇದೂ ನೀವ ಮಾಡಿಸಿದ್ದೇನು?"

"ನಾ ಒಮ್ಮೆ ಅತ್ತು ಮುಗಿಸೇನ್ರಿ ಸಾಹೇಬ್ರ. ಸತ್ತಾಕಿನ್ನ ಮತ್ತ ಕೊಲ್ಲಾಕ ಹೋಗತಾರೇನ್ರಿ?"

ಮೊದಲ ಹಾಳೆ ಗೋಕಾಕದ ಕಂಪ್ಯೂಟರ್ ಅಂಗಡಿಯಲ್ಲಿ ನಂದಿನಿ ಎಂಬವಳು ಮಾಡಿಕೊಟ್ಟದ್ದು ಎಂದು ಅವನೇ ಹೇಳಿದ. 12ರ ಬೆಳಿಗ್ಗೆ 9.30ಕ್ಕೆ ಅಂಗಡಿ ತೆಗೆಸಿದರು.

"ದೀಪ, ಹಾರ ನಾ ಬರದದ್ದರಿ. ಫ್ಲಾಪಿಯೊಳಗ ಹಾಕಿ ಆಬಾಸಾಹೇಬರ ಮನಿಯವರಿಗೆ ಕೊಟ್ಟಿದ್ದೆ. ಆದ್ರ ಈ ಎರಡನೇದ್ದು ನನ್ನ ಕೈಕೆಲಸ ಅಲ್ಲ."

"ಹೆಂಗ ಹೇಳತಿ?"

ದೀಪದ ಕುಡಿ ಹಾರದ ಮೇಲೆ ಹಾಯುವ ಜಾಗವನ್ನು ಅವಳು ಪರದೆಯ ಮೇಲೆ ದೊಡ್ಡದು ಮಾಡಿದಳು. "ನಾ ಗ್ರೂಪ್ ಮಾಡೇನಿ. ಎಲ್ಲಾ ಕೂಡೇ ಸರೀತಾವ, ಆದ್ರ ಹಾರ ಹಸರ, ಕುಡಿ ಹಳದಿ, ಅದರ ಬಣ್ಣ ಅದಕ. ಬ್ಯಾಡಂದ್ರ ಬಿಡಿಸಬಹುದು." ಗ್ರೂಪ್ ಬಿಡಿಸಿ ಮತ್ತೆರಡು ಕೀ ಒತ್ತಿದಳು. ಹಾರವೂ ಕುಡಿಯೂ ಒಂದೇ ಬಣ್ಣಕ್ಕೆ ತಿರುಗಿದವು. ಕುಡಿ ಹಾರವನ್ನು ಮುಟ್ಟಿದಲ್ಲಿ ಬಿಳಿ ತೂತು. ಬಾಗಿಲಿಗಂಟಿದ್ದ ಹಾಳೆಯಲ್ಲೂ ಅದೇ ತೂತು ಇತ್ತು. "ಇದು ಕಂಬೈನ್. ಎಲ್ಲಾ ಸೇರಿ ಒಂದ ಆಕೃತಿ. ಒಂದರ ಮ್ಯಾಲೊಂದ ಬಂದಲ್ಲಿ ತೂತ."

"ಯಾರು ಹಿಂಗ ಮಾಡತಾರ?"

"ಹಾಳಿ ಛಾಪಿಸವ್ರು ಮಾಡಂಗಿಲ್ರಿ. ರೇಡಿಯಂ ಸ್ಟಿಕರ್ ಕತ್ತರಸವ್ರು ಮಾಡತಾರ. ಅವರ ಮಷಿನ್‌ಗೆ ಬಣ್ಣ ತಿಳೀದಿಲ್ಲ, ಗೆರಿ ಅಷ್ಟ. ಕೈಗೆ ಚಾಳಿ ಬಿದ್ದಿರತೈತಿ."

ಭೀಮರಾಯ ನೇರ ರೂಪಾಲಿಯ ಮನೆಗೆ ಹೋದರು. "ನಿಮ್ಮ ಪೈಕಿ ರೇಡಿಯಂ ಕೆಲಸ ಯಾರು ಮಾಡತಾರ?"

"ಅಣ್ಣರಿ. ಯಮಕನಮರಡಿಯಾಗ, ಲಾರಿ ನಂಬರ್ ಪ್ಲೇಟಿಗೆ." ಹಾಳೆ ಅಂಟಿದ್ದ ಬಾಗಿಲ ಕಡೆ ತಿರುಗಿದಳು. "ವಾರದ ಹಿಂದ ಮನಿ ಗುರ್ತಾ ಕೇಳಿದ್ದ. ನಾನ ಹೇಳೇನಿ. ನಾಳೆ ಊಟಕ್ಕ ಬರತೇನಂದಾನ."

ಯಮಕನಮರಡಿಯ ಅಂಗಡಿ ಮುಚ್ಚಿತ್ತು. ಫೋನ್ ಸ್ವಿಚ್ ಆಫ್. ಅವನು ಎಲ್ಲಿದ್ದಾನೆಂದು ಯಾರಿಗೂ ಗೊತ್ತಿರಲಿಲ್ಲ.

13ರಂದು ಗಂಡಹೆಂಡಿರನ್ನು ಠಾಣೆಯಲ್ಲಿ ಕೂರಿಸಿ, ಕಾವಲಿದ್ದ ಉದ್ದಪ್ಪನನ್ನೂ ಒಳಗೆ ಕರೆದುಕೊಂಡು ಅವರ ಮನೆಯೊಳಗೆ ಪೊಲೀಸರು ಕುಳಿತರು. ಒಲೆ ಹಚ್ಚಿರಲಿಲ್ಲ. ಮಧ್ಯಾಹ್ನ 12.40ಕ್ಕೆ ಬಾಗಿಲು ಸಣ್ಣಗೆ ಬಡಿದ ಸದ್ದಾಯಿತು.

"ರೂಪಾ, ನಾನ. ಬಾಗಲಾ ತಗಿಯವ್ವ."

ಶಿದ್ಲಿಂಗಪ್ಪ ತೆಗೆದ. ಶ್ರೇಣಿಕ ಓಡಲಿಲ್ಲ. ಅವನ ಚೀಲದಲ್ಲಿ ಮೇಲೆ ಕರದಂಟಿನ ಡಬ್ಬಿ. ಕೆಳಗೆ ರೇಡಿಯಂ ಹಾಳೆಯಲ್ಲಿ ಸುತ್ತಿದ, ಕಬ್ಬು ಕಡಿಯುವ ಕೊಯ್ತಾ. ಎರಡನ್ನೂ ಜಪ್ತಿ ಪಂಚನಾಮೆಯಲ್ಲಿ ಬರೆದರು.

"ಕೊಲ್ಲಾಕ ಬರಾವ, ತಾರೀಖ ಹಾಕಿ ಬಾಗಲಿಗೆ ಹಾಳಿ ಯಾಕ ಹಚ್ಚಿದಿ?" ಭೀಮರಾಯ ಕೇಳಿದರು.

"ಅಂಜಿ ಊರ ಬಿಟ್ಟ ಹೋಗಲಿ ಅಂತ. ಹೋಗಲಿಲ್ಲ."

ಕೊಯ್ತಾ ತಂದದ್ದಕ್ಕೆ ಹೇಳಿಕೆಯಲ್ಲಿ ಅವನು ಕೊಟ್ಟ ಕಾರಣ ಒಂದೇ. ಫೆಬ್ರವರಿಯಲ್ಲಿ ಒಬ್ಬ ಲಾರಿ ಡ್ರೈವರ್ ಅಂಗಡಿಯಲ್ಲಿ ಎಲ್ಲರೆದುರು ಹೇಳಿದ್ದನಂತೆ: "ಲೇ ಶ್ರೇಣಿಕ, ನಿನ್ನ ಸತ್ತ ತಂಗಿ ಗೋಕಾಕ ಸಂತ್ಯಾಗ ಬದ್ನಿಕಾಯಿ ಚೌಕಾಶಿ ಮಾಡಾಕತ್ತಿದ್ಲಲೇ!"

ಎಲ್ಲರೂ ನಕ್ಕರು. ತಾನೂ ಅವರೊಡನೆ ನಕ್ಕೆ ಎಂದು ಶ್ರೇಣಿಕ ಬರೆಸಿದ.