ಅಲ್ಲಾಡಿಸಿ ನೋಡಿದ ಪವರ್ ಸಪ್ಲೈ

"ಅಪ್ಪಾ, ಅದನ್ನ ಕಿವಿ ಹತ್ರ ಹಿಡೀಬೇಡ!" ಎಂದು ದಿವ್ಯ ಪಿಸುಗುಟ್ಟಿದಳು.

ಅಪ್ಪ ಕೇಳಿದರೆ ತಾನೇ? ರಾಮನಗರದ ಆ ಪುಟ್ಟ ಕಂಪ್ಯೂಟರ್ ಅಂಗಡಿಯ ನಟ್ಟನಡುವೆ ನಿಂತು, ಕಂಪ್ಯೂಟರಿಗೆ ಕರೆಂಟ್ ಹಾಯಿಸುವ, ಇಟ್ಟಿಗೆಯಷ್ಟು ದಪ್ಪನೆಯ ಪವರ್ ಸಪ್ಲೈ ಒಂದನ್ನು ಕಿವಿಗೆ ಹಿಡಿದು ಅಲ್ಲಾಡಿಸಿದ. ಒಳಗೆ ಏನೋ ಗಲಗಲ ಎಂದಿತು. ಅಪ್ಪನ ಮುಖ ಅರಳಿತು.

"ಇದು ಒಳ್ಳೆ ಮಾಲು," ಎಂದ. ಆಮೇಲೆ ಮೇಜಿನ ಮೇಲಿದ್ದ ಇನ್ನೊಂದನ್ನು ಎತ್ತಿ ಅಲ್ಲಾಡಿಸಿದ. ಸದ್ದೇ ಇಲ್ಲ. "ಇದು ಬ್ಯಾಡ. ಒಳಗೆ ಸತ್ತೋಗೈತೆ."

ದಿವ್ಯಳಿಗೆ ಎಲ್ಲಾದರೂ ಅವಿತುಕೊಳ್ಳೋಣ ಎನಿಸಿತು. ಅಪ್ಪ ಅನಂತರಾಜು ರೇಷ್ಮೆ ಬೆಳೆಯುವವನು. ಕೋಡಿಹಳ್ಳಿ ಪಕ್ಕದ ಊರಿನಿಂದ ಬೆಳಿಗ್ಗೆಯೇ ಗೂಡು ತಂದು ರಾಮನಗರದ ಮಾರ್ಕೆಟ್ಟಿನಲ್ಲಿ ಮಾರಿ, ನೇರ ಇಲ್ಲಿಗೇ ಬಂದಿದ್ದ. ರೇಷ್ಮೆ ಗೂಡನ್ನು ಕಿವಿಯ ಬಳಿ ಅಲ್ಲಾಡಿಸಿದಾಗ ಒಳಗಿನ ಹುಳ ಸದ್ದು ಮಾಡಿದರೆ ಗೂಡು ಚೆನ್ನಾಗಿದೆ ಎಂದರ್ಥ. ಸದ್ದಿಲ್ಲದಿದ್ದರೆ ಹುಳ ಒಳಗೇ ಸತ್ತು ಅಂಟಿಕೊಂಡಿದೆ ಎಂದರ್ಥ. ಹುಟ್ಟಿದಾಗಿನಿಂದ ಗೂಡು ಅಲ್ಲಾಡಿಸಿದ ಕೈ, ಕಂಪ್ಯೂಟರ್ ಅಂಗಡಿ ಎಂದು ಸುಮ್ಮನಿರುತ್ತದೆಯೇ?

ಅಂಗಡಿಯ ನೂರೀನ್ ಅಕ್ಕ ಓಡಿ ಬಂದಳು. "ಅಯ್ಯೋ ಅಣ್ಣಾ! ಸದ್ದು ಬರ್ತಿರೋದು ಬಿಚ್ಚಿಕೊಂಡಿರೋ ಸ್ಕ್ರೂದು! ಯಾರೋ ಕೆಟ್ಟೋಗಿದೆ ಅಂತ ವಾಪಸ್ ಕೊಟ್ಟಿರೋ ಪೀಸ್ ಅದು. ಮೂಲೇಲಿ ಇಟ್ಟಿದ್ನಲ್ಲ, ಯಾವಾಗ ತಗೊಂಡ್ರಿ?"

"ಮೂಲೇಲಿ ಇಟ್ಟವ್ರೆ ಅಂದ್ರೆ ಅಗ್ಗ ಇರ್ತೈತೆ ಅಂದ್ಕಂಡೆ ಕಣಮ್ಮ," ಎಂದ ಅಪ್ಪ, ಒಂದಿಷ್ಟೂ ನಾಚಿಕೆಪಡದೆ.

ನೂರೀನ್ ಅಕ್ಕ ನಕ್ಕಳು. ಗೇಲಿ ಮಾಡಿ ನಗಲಿಲ್ಲ. ಆದರೂ ದಿವ್ಯಳ ಕಿವಿ ಬಿಸಿಯಾಯಿತು.

ಈ ವ್ಯಾಪಾರಕ್ಕೆಲ್ಲ ಕಾರಣ ಅಪ್ಪನ ಫೋನು. ಅದು ದಿನ ಬೆಳಗಾದರೆ "ಸ್ಟೋರೇಜ್ ಫುಲ್" ಎಂದು ಗೋಳಾಡುತ್ತಿತ್ತು. ಆಗೆಲ್ಲ ಅಪ್ಪ ಕಣ್ಣಿಗೆ ಬಿದ್ದದ್ದನ್ನು ಡಿಲೀಟ್ ಮಾಡುತ್ತಿದ್ದ. ದಿವ್ಯಳ ಸ್ಕೂಲ್ ಡೇ ಡ್ಯಾನ್ಸ್ ಹೋಗಿ, ಆ ಜಾಗದಲ್ಲಿ ಯಾರದೋ ತೋಟದಲ್ಲಿ ಬೋರ್‌ವೆಲ್ ಕೊರೆಯುವ ವಿಡಿಯೊ ಬಂದು ಕೂತಿತ್ತು.

ಡ್ಯಾನ್ಸ್ ಹೋದರೆ ಹೋಗಲಿ. ಅದೇ ಫೋನಿನಲ್ಲಿ ತಾತನ ವಿಡಿಯೊ ಇತ್ತು. ದಿವ್ಯ ತಾನೇ ತೆಗೆದದ್ದು. ಹಲ್ಲುಸೆಟ್ ಹಾಕಿಕೊಳ್ಳದೆ ಜಗಲಿಯ ಮೇಲೆ ಕೂತಿದ್ದ ತಾತ, ಟವೆಲ್‌ನಿಂದ ಬಾಯಿ ಮುಚ್ಚಿಕೊಂಡು, "ಆಫ್ ಮಾಡಮ್ಮಿ! ಹಲ್ಲಿಲ್ಲ ಕಣಮ್ಮಿ!" ಎನ್ನುತ್ತಲೇ ನಗು ತಡೆಯಲಾರದೆ ಟವೆಲ್ ಬಿಟ್ಟುಬಿಡುತ್ತಿದ್ದ. ಅದಾಗಿ ಸ್ವಲ್ಪ ದಿನಕ್ಕೆ ಕರಿಯಪ್ಪ ತಾತ ತೀರಿಕೊಂಡ. ತಾತನ ಬೇರೆ ವಿಡಿಯೊ ಇರಲಿಲ್ಲ. ಅಪ್ಪ ಫೋನ್ ಹಿಡಿದಾಗಲೆಲ್ಲ ದಿವ್ಯ ಓಡಿ ಬಂದು ಪಕ್ಕದಲ್ಲೇ ನಿಲ್ಲುತ್ತಿದ್ದಳು.

ಉಪಾಯ ಹೇಳಿದವನು ಕನಕಪುರದ ಸ್ವಾಮಿ ಮಾವ. ಅವನ ಸೈಬರ್ ಸೆಂಟರ್ ಮುಚ್ಚಿತ್ತು. ಅಲ್ಲಿದ್ದ ಒಂದು ಕಂಪ್ಯೂಟರಿನ ಒಳಗಿನ ಸಾಮಾನೆಲ್ಲ ಚೀಲಕ್ಕೆ ತುಂಬಿ ತಂದು ಕೊಟ್ಟ. "ಮನೇಲೇ ಒಂದು ಹೋಮ್ ಸರ್ವರ್ ಮಾಡೋಣ. ಫೋಟೊ, ವಿಡಿಯೊ ಎಲ್ಲ ಅದರಲ್ಲಿರ್ಲಿ. ವೈಫೈ ಇದ್ರೆ ಫೋನಲ್ಲೇ ನೋಡ್ಬೋದು. ಡಬ್ಬ ತುಕ್ಕು ಹಿಡಿದೈತೆ, ಪವರ್ ಸಪ್ಲೈ ಸುಟ್ಟೈತೆ. ಅವೆರಡು ಮಾತ್ರ ತಗಂಬನ್ನಿ," ಎಂದಿದ್ದ.

"ಸರ್ವರ್‌ಗಾ? ಹಾಗಾದ್ರೆ ಈ ಪವರ್ ಸಪ್ಲೈ ತಗೊಳ್ಳಿ," ಎಂದು, ದಿವ್ಯ ಹೇಳಿದ್ದನ್ನು ಕೇಳಿದ ನೂರೀನ್ ಅಕ್ಕ ಸದ್ದು ಮಾಡದಿದ್ದದ್ದನ್ನೇ ಮುಂದಿಟ್ಟಳು. "ಹಗಲೂ ರಾತ್ರಿ ಓಡ್ಬೇಕಲ್ಲ. ಇದರಲ್ಲಿ ಮಾತ್ರ ಜಿಪುಣತನ ಮಾಡ್ಬೇಡಿ."

"ಎಷ್ಟು ಎಚ್‌ಪಿ ಇದು?"

"ಎಚ್‌ಪಿ ಅಲ್ಲಣ್ಣ, ವ್ಯಾಟ್. ನಾನೂರೈವತ್ತು. ನಿಮಗೆ ಧಾರಾಳ."

"ನಮ್ಮ ಬೋರ್ ಮೋಟರ್ ಐದು ಎಚ್‌ಪಿ," ಎಂದು ಅಪ್ಪ ಹೆಮ್ಮೆಯಿಂದ ಹೇಳಿದ. ಅದನ್ನು ಯಾರೂ ಕೇಳಿರಲಿಲ್ಲ.

ಮುಂದೆ ಡಬ್ಬದ ಸರದಿ. ಅಪ್ಪನ ಕಣ್ಣು ಬಿದ್ದದ್ದು ಗಾಜಿನ ಮುಖದ, ಕೆಂಪು ಹಸಿರು ಲೈಟ್ ಮಿನುಗುವ ಡಬ್ಬದ ಮೇಲೆ. ನಿಜ ಹೇಳಬೇಕೆಂದರೆ ದಿವ್ಯಳ ಕಣ್ಣೂ ಅಲ್ಲೇ ಇತ್ತು. ನೂರೀನ್ ಅಕ್ಕ ಅದನ್ನು ಪಕ್ಕಕ್ಕೆ ಸರಿಸಿ, ಮುಂದೆಲ್ಲ ಸಣ್ಣ ಸಣ್ಣ ತೂತಿದ್ದ ಕಪ್ಪು ತಗಡಿನ ಡಬ್ಬವೊಂದನ್ನು ತಂದಳು.

"ಲೈಟ್‌ಗೆ ಯಾಕೆ ದುಡ್ಡು ಹಾಕ್ತೀರಿ? ಗಾಜಿನದರಲ್ಲಿ ಗಾಳಿ ಸರಿಯಾಗಿ ಆಡಲ್ಲ. ಇದು ಅಗ್ಗ. ಇದರಲ್ಲಿ ಗಾಳಿ ಚೆನ್ನಾಗಿ ಆಡುತ್ತೆ, ಹಾರ್ಡ್ ಡಿಸ್ಕ್ ಇಡೋಕೆ ಜಾಗಾನೂ ಇದೆ."

"ಬರೀ ತೂತೇ ಐತಲ್ಲಮ್ಮ! ತೂತಿಗೆಲ್ಲ ಕಾಸು ಕೊಡ್ಬೇಕಾ? ಒಸಿ ಕಮ್ಮಿ ಮಾಡು."

"ಅಪ್ಪಾ!"

ಅಪ್ಪ ಕಮ್ಮಿ ಮಾಡಿಸಿಯೇ ಬಿಟ್ಟ. ಬಸ್ಸಿನಲ್ಲಿ ಡಬ್ಬವನ್ನು ತೊಡೆಯ ಮೇಲೆ ಇಟ್ಟುಕೊಂಡು, ಪಕ್ಕದಲ್ಲಿ ಕೂತವರಿಗೆಲ್ಲ, "ಸರ್ವರ್ ಇದು, ನಮ್ಮ ಮಗಳದ್ದು," ಎಂದು ಹೇಳುತ್ತ ಬಂದ. ದಿವ್ಯ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು, ತಾನು ಬೇರೆಯವರ ಮಗಳು ಎಂಬಂತೆ ಕೂತಿದ್ದಳು.

ಮರುದಿನ ಸ್ವಾಮಿ ಮಾವ ಬಂದು ಎಲ್ಲವನ್ನೂ ಜೋಡಿಸಿದ. ನಡುಮನೆಯ ಕಿಟಕಿಯ ಪಕ್ಕ ಡಬ್ಬ ಕೂತಿತು. ಫ್ಯಾನ್ ಗುಂಯ್ ಎಂದಿತು. "ಎಲ್ಲ ಕಾಪಿ ಆಯ್ತು," ಎಂದು ಮಾವ ಹೇಳಿದ್ದೇ ತಡ, ಅಪ್ಪ ಫೋನಿನಲ್ಲಿದ್ದದ್ದನ್ನೆಲ್ಲ ಖುಷಿಯಿಂದ ಅಳಿಸಿಹಾಕಿದ. "ಫೋನಲ್ಲೂ ಒಂದು ಕಾಪಿ ಇರ್ಬೇಕಿತ್ತಲ್ಲ!" ಎಂದು ಮಾವ ತಲೆ ಚಚ್ಚಿಕೊಂಡ.

"ಇನ್ನು ತಾತ ಇದರೊಳಗೇ ಇರ್ತಾನೆ, ಅಜ್ಜಿ. ಯಾರೂ ಡಿಲೀಟ್ ಮಾಡಂಗಿಲ್ಲ. ನೋಡ್ತೀಯಾ?" ಎಂದು ದಿವ್ಯ ಅಂಬುಜಮ್ಮ ಅಜ್ಜಿಗೆ ಫೋನ್ ತೋರಿಸಲು ಹೋದಳು.

"ಈಗ ಬ್ಯಾಡ ಕಣಮ್ಮಿ, ಕೆಲಸ ಐತೆ," ಎಂದು ಅಜ್ಜಿ ಎದ್ದು ಹೋದಳು.

ಮುಂದಿನ ವಾರ ಮರಿಹುಳ ಬಂದವು. ಹುಳ ಬಂದರೆ ಮನೆಯಲ್ಲಿ ಯಾರಿಗೂ ಪುರುಸೊತ್ತಿಲ್ಲ. ಅಪ್ಪ ಅಮ್ಮ ಹಿಪ್ಪುನೇರಳೆ ತೋಟದಲ್ಲಿ. ಅಜ್ಜಿ ಹುಳದ ಮನೆಯಲ್ಲಿ ಊಜಿ ನೊಣದ ಕಾವಲು. ಆ ನೊಣ ಬಂದು ಹುಳದ ಮೈಮೇಲೆ ಮೊಟ್ಟೆ ಇಟ್ಟರೆ ಬೆಳೆಯೇ ಹಾಳು. ಅದಕ್ಕೆ ಅಜ್ಜಿ ಕಿಟಕಿಗಳಿಗೆಲ್ಲ ನೈಲಾನ್ ಪರದೆ ಕಟ್ಟಿ, ಗೋಡೆಯಲ್ಲಿ ಸಾಸಿವೆಯಷ್ಟು ತೂತು ಕಂಡರೂ ಪೇಪರ್ ಅಂಟಿಸಿಬಿಡುತ್ತಿದ್ದಳು.

ಒಂದು ಸಂಜೆ ದಿವ್ಯ ಸ್ಕೂಲಿನಿಂದ ಬಂದು, ಅಪ್ಪ ಮನೆಯಲ್ಲೇ ಬಿಟ್ಟುಹೋಗಿದ್ದ ಫೋನಿನಲ್ಲಿ ತಾತನನ್ನು ಹುಡುಕಿದಳು. ತಾತ ಸಿಗಲಿಲ್ಲ. ಯಾವ ಫೋಟೊವೂ ಸಿಗಲಿಲ್ಲ. ನಡುಮನೆಗೆ ಓಡಿದಳು. ಡಬ್ಬದ ಸ್ವಿಚ್ ಪಕ್ಕದ ಪುಟ್ಟ ಲೈಟ್ ಆರಿತ್ತು. ಮುಟ್ಟಿದರೆ ದೋಸೆ ಕಾವಲಿಯ ಹಾಗೆ ಬಿಸಿ. ಬಗ್ಗಿ ನೋಡಿದಳು. ಮುಂದಿನ ತೂತಿಗೆಲ್ಲ ಪೇಪರ್. ಪಕ್ಕದ ತೂತಿಗೂ ಪೇಪರ್. ಹಿಂದೆ ಪವರ್ ಸಪ್ಲೈ ಫ್ಯಾನಿಗೂ ಪೇಪರ್. ಮೈದಾ ಗೋಂದು ಹಚ್ಚಿ, ಒಂದು ಸುಕ್ಕೂ ಇಲ್ಲದಂತೆ ಯಾರೋ ಅಂಟಿಸಿದ್ದರು.

"ಯಾರು ಮಾಡಿದ್ದು ಇದು?"

"ನಾನೇ ಕಣಮ್ಮಿ," ಎಂದು ಅಜ್ಜಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. "ನೊಣ ಓಡಾಡ್ತಿತ್ತು. ಒಳಿಕ್ ಹೋಗ್ಬುಟ್ರೆ?"

"ಅದೇನು ರೇಷ್ಮೆ ಹುಳ ಏನಜ್ಜಿ? ಕಂಪ್ಯೂಟರ್! ಗಾಳಿ ಇಲ್ದೆ ಸುಟ್ಟೋಯ್ತು! ತಾತನ ವಿಡಿಯೊ ಹೋಯ್ತು! ನಿಂಗೇನೂ ಗೊತ್ತಾಗಲ್ಲ!"

ಅಜ್ಜಿಯ ಮುಖ ಬಿಳಿಚಿಕೊಂಡಿತು. ಅವಳು ಒದ್ದೆ ಬಟ್ಟೆ ತಂದು ಡಬ್ಬದ ಮುಂದೆ ಕೂತಳು. ಪೇಪರ್ ನೆನೆಸಲು ಹೊರಟಾಗ, "ನೀರು ಹಾಕ್ಬೇಡ!" ಎಂದು ದಿವ್ಯ ಮತ್ತೆ ಕಿರುಚಿದಳು. ಅಜ್ಜಿ ಬಟ್ಟೆ ಬಿಟ್ಟು ಉಗುರಿನಿಂದ ಕೆರೆಯತೊಡಗಿದಳು.

ದಿವ್ಯ ಅಳುತ್ತಲೇ ನೂರೀನ್ ಅಕ್ಕನಿಗೆ ಫೋನ್ ಮಾಡಿದಳು.

"ಏನು, ಎಲ್ಲಾ ತೂತಿಗೂ ಪೇಪರ್ರಾ?" ನೂರೀನ್ ಅಕ್ಕನಿಗೆ ನಗು ತಡೆಯಲಾಗಲಿಲ್ಲ. "ಅಳಬೇಡ ಕಣೇ. ಅದು ಒಳ್ಳೆ ಪವರ್ ಸಪ್ಲೈ, ಬಿಸಿ ಜಾಸ್ತಿ ಆದ್ರೆ ತಾನೇ ಆಫ್ ಆಗುತ್ತೆ. ಪೇಪರ್ ಕಿತ್ತಾಕಿ, ಪ್ಲಗ್ ತೆಗೆದು, ತಣ್ಣಗಾಗೋಕೆ ಬಿಡು. ನಿಮ್ಮಪ್ಪ ಕಿವಿಗಿಟ್ಕೊಂಡು ಆರಿಸಿದ್ದನ್ನ ಹಾಕಿದ್ರೆ ಮಾತ್ರ ನಾನೂ ಅಳ್ತಿದ್ದೆ."

ಪ್ಲಗ್ ತೆಗೆದು ಅಜ್ಜಿ ಮೊಮ್ಮಗಳು ಇಬ್ಬರೂ ಕೂತು ಪೇಪರ್ ಕಿತ್ತರು. ಮೂಲೆ ಮೂಲೆಯಲ್ಲೂ ಗೋಂದು. ಎಷ್ಟು ಹೊತ್ತು ಕೂತು ಅಂಟಿಸಿದ್ದಳೋ! ಅಜ್ಜಿ ತಲೆ ಎತ್ತಲಿಲ್ಲ.

"ನಿಮ್ಮ ತಾತಂಗೆ ನೊಣ ಕಂಡ್ರೆ ಆಗ್ತಿರ್ಲಿಲ್ಲ ಕಣಮ್ಮಿ," ಎಂದಳು ಮೆಲ್ಲಗೆ. "ಮಲಗಿದ್ರೂವೆ ಟವೆಲ್ ಬೀಸ್ಕಂಡೇ ಮಲಗೋರು."

ಕೆರೆಯುತ್ತಿದ್ದ ದಿವ್ಯಳ ಕೈ ನಿಂತಿತು. ಆಗಷ್ಟೇ ಕೂಗಾಡಿದ್ದೆಲ್ಲ ನೆನಪಾಯಿತು. ಅಜ್ಜಿಯ ಪಕ್ಕಕ್ಕೆ ಸರಿದು, ಅವಳ ಮೊಣಕೈಗೆ ಒರಗಿಕೊಂಡು ಮತ್ತೆ ಪೇಪರ್ ಕೀಳಲು ಶುರು ಮಾಡಿದಳು.

ಡಬ್ಬ ತಣ್ಣಗಾದ ಮೇಲೆ ಸ್ವಿಚ್ ಒತ್ತಿದಳು. ಫ್ಯಾನ್ ಗುಂಯ್ ಎಂದಿತು. ಸ್ವಲ್ಪ ಹೊತ್ತಿಗೆ ಫೋನಿನಲ್ಲಿ ತಾತ ಬಂದ. "ಹಲ್ಲಿಲ್ಲ ಕಣಮ್ಮಿ!" ಎಂದ. ಈ ಸಲ ಅಜ್ಜಿ ಎದ್ದು ಹೋಗಲಿಲ್ಲ. ಪೂರ್ತಿ ನೋಡಿ, "ಥೂ, ಹಲ್ಲು ಹಾಕ್ಕಳಿ ಅಂದ್ರೆ ಕೇಳ್ತಿರ್ಲಿಲ್ಲ," ಎಂದು ಬೈದು, ಸೆರಗಿನಿಂದ ಕಣ್ಣೊರೆಸಿಕೊಂಡಳು.

ದಿವ್ಯ ಹುಳದ ಮನೆಗೆ ಹೋಗಿ, ಉಳಿದಿದ್ದ ನೈಲಾನ್ ಪರದೆಯ ತುಂಡು, ಸುತ್ತಿಗೆ, ಮೊಳೆ ತಂದಳು. ಡಬ್ಬದ ಪಕ್ಕದ ಕಿಟಕಿಗೆ ಅಜ್ಜಿ ಪರದೆ ಹಿಡಿದುಕೊಂಡಳು, ದಿವ್ಯ ಸ್ಟೂಲ್ ಹತ್ತಿದಳು.

ತೋಟದಿಂದ ಬಂದ ಅಪ್ಪ ಬಾಗಿಲಲ್ಲೇ ನಿಂತುಬಿಟ್ಟ. "ಇದ್ಯಾಕಮ್ಮಿ? ಕಂಪ್ಯೂಟರ್‌ಗೂ ಊಜಿ ನೊಣ ಬತ್ತದಾ?"

"ಇಲ್ಲಪ್ಪ. ತಾತಂಗೆ ನೊಣ ಆಗಲ್ಲ," ಎಂದು ದಿವ್ಯ ಮೊಳೆ ಹೊಡೆದಳು.