ಕೃಷ್ಣಾಜಿ ಹೆಸರೆತ್ತದ ಮೀನು

ಕೃಷ್ಣಾಜಿ ಸಾಂಬ್ರಾ ಊರಿನ ಮದುವೆ ಮುಗಿಸಿ ಅನಗೋಳದ ಮನೆಗೆ ಬರುವಷ್ಟರಲ್ಲಿ ಯಾರೋ ಬಂದು ಮಾಡುವುದನ್ನು ಮಾಡಿ ಹೋಗಿದ್ದರು. ಮಹಡಿಯ ಹಿಂಬಾಗಿಲ ಚಿಲಕ ಮುರಿದಿತ್ತು. ಮೀನಿನ ಟ್ಯಾಂಕ್ ಬರಿದಾಗಿತ್ತು. ಆಫ್ರಿಕಾದ ಸರೋವರದಲ್ಲಿ ಹಿಡಿದು ತಂದ ಸಿಕ್ಲಿಡ್ ಮೀನುಗಳು ಹಸಿ ಕಲ್ಲುಗಳ ಮೇಲೆ ಸತ್ತು ಬಿದ್ದಿದ್ದವು.

"ಕೆಳಗಿನ ಮನಿ ನಾಗಲಿಂಗನ ಕೆಲಸಾರೀ ಇದು," ಎಂದು ಕೃಷ್ಣಾಜಿ ಪಿಎಸ್‌ಐ ಪದ್ಮಶ್ರೀಯ ಮುಂದೆ ಹಲ್ಲು ಕಡಿದ. "ಟ್ಯಾಂಕ್ ಒಡೀತೀನಿ ಅಂತ ದಿನಾ ಒದರತಿದ್ದ. ಇವತ್ತೇ ಬೇಡಿ ಹಾಕ್ರಿ."

ಪದ್ಮಶ್ರೀ ಬಗ್ಗಿ ನೋಡಿದಳು. ನೆಲ ಒಣಗಿತ್ತು. ನೀರನ್ನು ಪೈಪಿನಿಂದ ಬಚ್ಚಲಿಗೆ ಬಿಟ್ಟಿದ್ದರು. ನೀರು ಬೆಚ್ಚಗಿಡುವ ಹೀಟರಿನ ಪ್ಲಗ್ ಕಿತ್ತು ಬದಿಗಿಟ್ಟಿದ್ದರು. ಗೋಡೆಯ ಫೋಟೋದಲ್ಲಿ ಅದೇ ಟ್ಯಾಂಕ್. ಅದರೊಳಗೆ ಬೆನ್ನಿನ ರೆಕ್ಕೆ ಸೀಳಿದ ದೊಡ್ಡ ನೀಲಿ ಗಂಡು. ಸತ್ತವುಗಳಲ್ಲಿ ಅದು ಇರಲಿಲ್ಲ.

"ಏನರ ಕಳುವಾಗೈತೇನ್ರಿ?"

"ಇಲ್ಲರಿ. ಎಲ್ಲಾ ಇಲ್ಲೇ ಸತ್ತಾವು."

ಕೃಷ್ಣಾಜಿಯ ಕಣ್ಣು ಮಾತ್ರ ಫೋಟೋದ ಕಡೆ ಹೋಗಿ ಬಂತು.

* * *

"ಒಡೀತೀನಿ ಅಂದಿದ್ದು ಖರೇರಿ," ಎಂದ ನಾಗಲಿಂಗ. ಚಾವಣಿಯ ಕಲೆ ತೋರಿಸಿದ. "ಆ ಮೀನಿನ ಉಚ್ಚಿ ನಮ್ಮ ದೇವರ ಜಗಲಿ ಮ್ಯಾಲೆ ಸೋರತಿತ್ತು! ಆದ್ರ ನಾ ಒಡದ್ರ ಅಷ್ಟೂ ನೀರು ಬೀಳೂದು ನನ್ನ ತಲಿ ಮ್ಯಾಲೇ ಅಲ್ಲೇನ್ರಿ?"

"ಬ್ಯಾರೆ ಯಾರರ ಜಗಳಾಡಿದ್ರೇನು?"

"ಖಾನಾಪುರದ ಪ್ರಮಿಳಾ ಅಂತ. ಆಕಿನೂ ಮೀನ ಸಾಕತಾಳ. 'ನನ್ನ ಗಂಡು ನನಗ ಕೊಡು' ಅಂತ ಮೆಟ್ಟಿಲ ಮ್ಯಾಲೆ ನಿಂತು ಚೀರಿದ್ಲು. ನಮ್ಮಾಕಿ ಬ್ಯಾರೇನೇ ತಿಳಕೊಂಡ್ಲು!"

* * *

ಖಾನಾಪುರದಲ್ಲಿ ಪ್ರಮಿಳಾ ಟ್ಯಾಂಕಿನ ನೀರು ಬದಲಿಸುತ್ತಿದ್ದಳು. ಪೈಪ್ ಇಳಿಬಿಡುವ ಮೊದಲು ಹೀಟರಿನ ಪ್ಲಗ್ ಕಿತ್ತಳು.

"ಅದನ್ನ ಯಾಕ ಕಿತ್ತಿರಿ?" ಪದ್ಮಶ್ರೀ ಕೇಳಿದಳು.

"ನೀರು ಇಳದ್ರ ಕಾದ ಹೀಟರ್ ಒಡೀತೈತ್ರಿ. ಮೀನ ಸಾಕೋರ ಕೈ ತಾನ ಅಲ್ಲಿ ಹೋಗತೈತಿ."

"ಅನಗೋಳದಾಗೂ ನಿಮ್ಮ ಕೈ ತಾನ ಹೋತು. ಮೀನ ಕೊಲ್ಲಾಕ ಹೋದೋರು ಹೀಟರ್ ಉಳಿಸಿ ಬಂದ್ರಿ. ನಾಗಲಿಂಗಗ ಈ ರೂಢಿ ಎಲ್ಲಿಂದ ಬರಬೇಕು? ಇನ್ನ, ಕಳುವಾದ ಮೀನಿನ ಹೆಸರನ್ನ ಮಾಲಕನೇ ಎತ್ತವಲ್ಲ. ಅದು ಅವಂದಲ್ಲ, ಅದಕ್ಕ."

ಮೂಲೆಯ ಟ್ಯಾಂಕಿನಲ್ಲಿ ಸೀಳು ರೆಕ್ಕೆಯ ನೀಲಿ ಗಂಡು ಈಜುತ್ತಿತ್ತು. ಪ್ರಮಿಳಾ ಕೈ ಒರೆಸಿಕೊಂಡಳು. ಕಣ್ಣಲ್ಲಿ ಹನಿ ನೀರಿರಲಿಲ್ಲ.

"ಮರಿ ಮಾಡಿಸಿ ವಾಪಸ್ ಕೊಡ್ತೀನಿ ಅಂತ ಕೃಷ್ಣಾಜಿ ಇದನ್ನ ಒಯ್ದ. ತಿರುಗಿ ಕೊಟ್ಟಿದ್ದು ಅಂಥದ್ದೇ ಒಂದು ಬೆರಕಿ ತಳಿ ಗಂಡು. ಇದರಂಗ ಕಾಣಲಿ ಅಂತ ಅದರ ರೆಕ್ಕಿನ ಕತ್ತರೀಲೆ ಸೀಳಿದ್ದ! ಬರ್ತಾ ಬರ್ತಾ ಸೀಳು ಕೂಡಿಕೊಂತು, ಆಗ ತಿಳೀತು. ಅಷ್ಟರಾಗ ಅದರ ಬೆರಕಿ ಮರಿ ಚೊಕ್ಕ ತಳಿ ಅಂತ ಊರೆಲ್ಲಾ ಮಾರಿದ್ದೆ. ಮೋಸಗಾರ್ತಿ ಅಂತ ಹೆಸರ ಬಂತು. ಎಲ್ಲಿ ಹೋದ್ರೂ ನಗತಿದ್ರು."

"ಉಳಿದ ಮೀನು ನಿಮಗೇನ ಅನ್ಯಾಯ ಮಾಡಿದ್ವು?"

"ಏನೂ ಇಲ್ಲ. ಈ ಜಾತಿ ಹೆಣ್ಣು ಬಾಯಾಗ ತತ್ತಿ ಇಟ್ಕೊಂಡು ಮರಿ ಮಾಡ್ತಾವ್ರಿ. ಸಾಯೂಮುಂದ ಉಗುಳಿದ್ವು. ನೋಡಕೋತ ನಿಂತೆ."

* * *

ಠಾಣೆಯ ಮೇಜಿನ ಮೇಲೆ ನೀಲಿ ಗಂಡು ಗಾಜಿನ ಜಾಡಿಯಲ್ಲಿತ್ತು. ಪದ್ಮಶ್ರೀ ಪ್ರಮಿಳಾಳ ಮೊಬೈಲನ್ನು ಪಕ್ಕದಲ್ಲಿಟ್ಟಳು. ಹಳೆಯ ಚಿತ್ರ, ಅದೇ ಗಂಡು, ಹುಟ್ಟಿನಿಂದಲೇ ಇದ್ದ ಅದೇ ಸೀಳು, ಖಾನಾಪುರದ ಮನೆ.

"ಹೇಳ್ರಿ ಕೃಷ್ಣಾಜಿ. ಇದು ನಿಮ್ಮದೇನು?"

ಕೃಷ್ಣಾಜಿ ಚಿತ್ರ ನೋಡಿದ, ಮೀನು ನೋಡಿದ, ಹಣೆ ಒರೆಸಿಕೊಂಡ.

"ನಂದಲ್ಲ."

"ಕೇಳಸಲಿಲ್ಲೋ," ಎಂದಳು ಎದುರಿಗೆ ಕೂತ ಪ್ರಮಿಳಾ.

"ನಂದಲ್ಲ. ನಿಂದು. ಮೋಸ ಮಾಡಿದಾಂವ ನಾನು. ಸಾಕೇನು?"

ಪ್ರಮಿಳಾ ಎರಡೂ ಕೈ ಮುಂದೆ ಚಾಚಿದಳು. "ಸಾಕು. ಈಗ ಒಳಗ ಹಾಕ್ರಿ ಮೇಡಮ್."

ಕೃಷ್ಣಾಜಿ ಮೆಲ್ಲಗೆ ಎದ್ದ.

"ನೀವೆಲ್ಲಿ ಹೊಂಟ್ರಿ?" ಎಂದಳು ಪದ್ಮಶ್ರೀ. "ಕುಂದರ್ರಿ. ನಿಮ್ಮ ಮ್ಯಾಲೂ ಮೋಸದ ಕೇಸ್ ಐತಿ."