ಬೆಂಕಿ ಹಾಕುವ ಹುಡುಗಿ

"ಅಳು ಬಂತಾ?" ನಾನು ಪುಸ್ತಕ ವಾಪಸ್ ಕೊಟ್ಟ ಕೂಡಲೇ ರೋವನ್ ಕೇಳಿದ.

"ಸಿಟ್ಟು ಬಂತು."

ಅವನು ಹುಬ್ಬೇರಿಸಿದ. ಹಾಗೆ ಹುಬ್ಬೇರಿಸಿದಾಗ ಎಡಗೆನ್ನೆಯಲ್ಲೊಂದು ಗುಳಿ ಬೀಳುತ್ತದೆ. ಅದನ್ನು ನೋಡಬಾರದೆಂದು ಮೇಜು ಒರೆಸತೊಡಗಿದೆ.

ಹ್ಯಾಲಿಫ್ಯಾಕ್ಸ್‌ನಲ್ಲಿ, ಕಾಲೇಜಿನ ಎದುರಿನ ಕೆಫೆಯಲ್ಲಿ ನನಗೆ ಕೆಲಸ. ಬೇಗನೆ ಶಾಲೆ ಬಿಟ್ಟವಳು, ಈ ವರ್ಷ ಸಂಜೆಯ ಸಾಹಿತ್ಯ ತರಗತಿಗೆ ಸೇರಿದ್ದೇನೆ. ಪಾಠಕ್ಕಿಟ್ಟ ಹಳೆಯ ಕಾದಂಬರಿಯ ತನ್ನ ಪ್ರತಿಯನ್ನೇ ಓದಲು ಕೊಟ್ಟವನು ರೋವನ್. ಎದುರಿನ ಕಾಲೇಜಿನಲ್ಲಿ ಎಂ.ಎ. ಓದುವವನು, ನಮ್ಮ ಕಿಟಕಿ ಮೇಜಿನ ಖಾಯಂ ಗಿರಾಕಿ.

"ಸಿಟ್ಟಾ? ಯಾರ ಮೇಲೆ ಮಾರಾಯ್ತಿ? ಬೆಂಕಿ ಮುಂದೆ ನಾಯಕ ನಾಯಕಿಗೆ ಮನಸ್ಸು ಬಿಚ್ಚಿ ಹೇಳ್ತಾನಲ್ಲ, ಅಬ್ಬಾ! ಆ ಕೋಣೇಲಿ ಅವರಿಬ್ಬರೇ..."

"ಇಬ್ಬರಲ್ಲ, ಮೂವರು. ಕೆಲಸದ ಹುಡುಗಿ ಮೊಣಕಾಲೂರಿ ಕಲ್ಲಿದ್ದಲು ಹಾಕ್ತಾ ಇದಾಳೆ. ಅವಳು ಎದ್ದು ಹೋದಳು ಅಂತ ಎಲ್ಲೂ ಬರೆದಿಲ್ಲ."

ಅವನು ನಕ್ಕ. "ಅವಳು ಬರೀ ಕೆಲಸದವಳು, ಬೆತ್."

ಕೈಯಲ್ಲಿದ್ದ ಬಟ್ಟೆಯನ್ನು ಮೇಜಿನ ಮೇಲೆ ಬಿಸಾಕಿದೆ.

"ಕೆಲಸದವಳಿಗೆ ಕಿವಿ ಇಲ್ವಾ? ಇದೇ ಮೇಜಲ್ಲಿ ಕೂತು ಫೋನಲ್ಲಿ ಯಾವಳನ್ನೋ 'ಚಿನ್ನ, ಚಿನ್ನ' ಅಂತಿದ್ದೆಯಲ್ಲ, ನಾನು ಪಕ್ಕದಲ್ಲೇ ಇದ್ದೆ. ಅವಳು ಬಿಟ್ಟು ಹೋದಾಗ ಅಳ್ತಾ ಕೂತಿದ್ದೆಯಲ್ಲ, ಆಗಲೂ ಇದ್ದೆ. ನಿನ್ನ ಟೀಗೆ ಹಾಲು ಕಡಿಮೆ, ಸಕ್ಕರೆ ಎರಡು ಚಮಚ. ಬೇಜಾರಾದ ದಿನ ಮೂರು. ನನ್ನ ಟೀ ಹೇಗಿರಬೇಕು? ಹೇಳು ನೋಡೋಣ!"

ಇಡೀ ಕೆಫೆ ನಮ್ಮನ್ನೇ ನೋಡುತ್ತಿತ್ತು. ಇಷ್ಟು ಕಾಲ ಬಚ್ಚಿಟ್ಟದ್ದನ್ನು ಹೀಗೆ ಬೈಗುಳದಂತೆ ಅವನ ಮುಖಕ್ಕೆ ಎರಚಿಬಿಟ್ಟೆನಲ್ಲ! ಕೆನ್ನೆ ಉರಿಯಿತು. ಒಳಗೆ ಹೋಗಿ ಕಪ್ಪು ತೊಳೆಯುತ್ತ ನಿಂತೆ.

ಸ್ವಲ್ಪ ಹೊತ್ತಿಗೆ ಹಿಂದೆ ಕೆಟಲ್ ಸದ್ದಾಯಿತು. ತಿರುಗಿದರೆ ರೋವನ್, ಕೈಯಲ್ಲಿ ತುಳುಕುವ ಕಪ್ಪು.

"ನಿನ್ನ ಟೀ ಹೇಗಿರಬೇಕು ಅಂತ ಗೊತ್ತಿರಲಿಲ್ಲ. ಅಂದಾಜಲ್ಲಿ ಮಾಡಿದೆ." ಅವನು ನೆಲ ನೋಡುತ್ತಿದ್ದ. "ಈಗ ಪುಟ ತಿರುವಿ ನೋಡ್ದೆ. ನಿಜ, ಆ ಹುಡುಗಿ ಕೋಣೆ ಬಿಟ್ಟು ಹೋಗೋದೇ ಇಲ್ಲ. ಎಷ್ಟು ಸಲ ಓದಿದೀನಿ, ಕಣ್ಣಿಗೇ ಬಿದ್ದಿರಲಿಲ್ಲ."

"ಅವಳ ವಿಷಯ ಬಿಡು."

"ನಾನು ಹೇಳ್ತಿರೋದು ಅವಳ ವಿಷಯ ಅಲ್ಲ."

ಈಗ ಅವನು ತಲೆಯೆತ್ತಿದ. ಮೊದಲ ಸಲ ನೋಡುವವನ ಹಾಗೆ, ನನ್ನ ನೊರೆಗೈ, ಕೆದರಿದ ಕೂದಲು, ಕೊನೆಗೆ ಕಣ್ಣು.

ಒಂದು ಗುಟುಕು ಕುಡಿದೆ. "ಥೂ! ನಾನು ಸಕ್ಕರೇನೇ ಹಾಕ್ಕೊಳ್ಳಲ್ಲ."

"ನಾಳೆ ಸರಿಯಾಗಿ ಮಾಡ್ತೀನಿ."

"ನಾಳೆ ನಂಗೆ ರಜೆ."

"ಹಾಗಾದ್ರೆ ನಮ್ಮನೆಗೆ ಬಾ. ಅಲ್ಲೂ ಕೆಟಲ್ ಇದೆ."

ಸಿಟ್ಟು ಇನ್ನೂ ಇಳಿದಿರಲಿಲ್ಲ. ಅವನನ್ನು ದುರುಗುಟ್ಟಿ ನೋಡುತ್ತಲೇ ಆ ಕೆಟ್ಟ ಟೀಯನ್ನು ತಳದ ಸಕ್ಕರೆಯವರೆಗೂ ಕುಡಿದೆ.